ನಿಂತ ಚಿತ್ರ, ನಡೆವ ಚಿತ್ರ

ಮದುವೆಯ ಮನೆಯಲ್ಲಿ ಮಾಂಗಲ್ಯಧಾರಣೆಯ ಗಳಿಗೆ ಒಂದೇ ಸಲ ಬರುತ್ತದೆ. ಗಟ್ಟಿಮೇಳ ಮೊಳಗಿ ಅಕ್ಷತೆ ಬೀಳುವ ಆ ಕೆಲವು ಕ್ಷಣಗಳನ್ನು ಮನೆಯವರು ಎರಡು ಬಗೆಯಲ್ಲಿ ಬಯಸುತ್ತಾರೆ: ಗೋಡೆಗೆ ತೂಗುಹಾಕಲು ಒಂದು ಸ್ಥಿರಚಿತ್ರ, ಮುಂದೆಂದಾದರೂ ಎಲ್ಲರೂ ಕುಳಿತು ನೋಡಲು ಒಂದು ವಿಡಿಯೋ. ಸಾಲ ಮಾಡಿ ಸ್ಟುಡಿಯೋ ತೆರೆದ ಚಿಕ್ಕ ಊರಿನ ಛಾಯಾಗ್ರಾಹಕನು ಇವೆರಡಕ್ಕೂ ಬೇರೆಬೇರೆ ಸಲಕರಣೆಗಳನ್ನು ಕೊಳ್ಳಲಾರ. ಒಂದೇ ಬಗೆಯ ಕ್ಯಾಮರಾ ಎರಡನ್ನೂ ನಿರ್ವಹಿಸೀತೇ ಎಂಬುದು ಅವನ ಪಾಲಿಗೆ ಅನ್ನದ ಪ್ರಶ್ನೆ.

ಹುಟ್ಟಿನಿಂದ ಇವೆರಡೂ ದಾಯಾದಿಗಳೇ. ಜರ್ಮನಿಯ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಿ 1914ರ ವೇಳೆಗೆ ರೂಪಿಸಿದ ಪುಟ್ಟ ಕ್ಯಾಮರಾ, ಸಿನಿಮಾಕ್ಕೆಂದು ತಯಾರಾಗುತ್ತಿದ್ದ 35 ಮಿ.ಮೀ. ಫಿಲ್ಮನ್ನೇ ಬಳಸಿತು. ಸಿನಿಮಾದ ಚೌಕಟ್ಟು 18 ಮಿ.ಮೀ. ಎತ್ತರ, 24 ಮಿ.ಮೀ. ಅಗಲದ್ದು, ಬಾರ್ನಾಕ್ ಅದನ್ನು ಇಮ್ಮಡಿಸಿ 24ಕ್ಕೆ 36ರ ಚೌಕಟ್ಟು ಮಾಡಿಕೊಂಡ. 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಆ ಕ್ಯಾಮರಾ ಮಾರುಕಟ್ಟೆಗೆ ಬಂದಿತು. ಬಳಿಕ ಬಹುಕಾಲ ಎರಡೂ ಬೇರೆ ದಾರಿಗಳಲ್ಲಿ ನಡೆದವು. 2008ರಲ್ಲಿ ನಿಕಾನ್ ಡಿ90, ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಎಂಬ ಸ್ಥಿರಚಿತ್ರದ ಕ್ಯಾಮರಾಗಳು ವಿಡಿಯೋ ತೆಗೆಯುವ ಶಕ್ತಿಯನ್ನು ಪಡೆದವು. 2010ರಲ್ಲಿ ಅಮೆರಿಕದ ‘ಹೌಸ್’ ಎಂಬ ದೂರದರ್ಶನ ಧಾರಾವಾಹಿಯ ಒಂದು ಕಂತನ್ನೇ ಈ ಕ್ಯಾನನ್ ಕ್ಯಾಮರಾದಿಂದ ಚಿತ್ರೀಕರಿಸಿದರು. ಆದರೆ ವಿಡಿಯೋ ನಡೆಯುತ್ತಿರುವಾಗ ಸ್ಥಿರಚಿತ್ರದ ಗುಂಡಿಯನ್ನೊತ್ತಿದರೆ ಆ ಕ್ಯಾಮರಾದ ವಿಡಿಯೋ ಸುಮಾರು ಒಂದು ಸೆಕೆಂಡು ಸ್ತಬ್ಧವಾಗುತ್ತಿತ್ತು. ತಾಳಿ ಕಟ್ಟುವಾಗ ಒಂದು ಸೆಕೆಂಡು ಸಣ್ಣ ಅವಧಿಯೇನಲ್ಲ!

ಯಂತ್ರದ ತೊಡಕನ್ನು ತಂತ್ರಜ್ಞರು ಕ್ರಮೇಣ ಬಿಡಿಸಬಲ್ಲರು. ಅದಕ್ಕಿಂತ ಆಳವಾದುದು, ಈ ಎರಡು ಕಲೆಗಳು ಕಾಲವನ್ನು ಬಳಸುವ ರೀತಿಯಲ್ಲಿರುವ ಭೇದ. ಹಾರುವ ಹಕ್ಕಿಯ ರೆಕ್ಕೆಯನ್ನು ಸ್ಫುಟವಾಗಿ ಹಿಡಿಯಬೇಕಾದರೆ ಕ್ಯಾಮರಾದ ಕಣ್ಣು ಸೆಕೆಂಡಿನ 2000ದಲ್ಲಿ ಒಂದು ಪಾಲು ಮಾತ್ರ ತೆರೆದು ಮುಚ್ಚಬೇಕು. ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರಗಳು ಸಾಗುತ್ತಿದ್ದರೆ, ಒಂದೊಂದಕ್ಕೂ ಸೆಕೆಂಡಿನ 50ರಲ್ಲಿ ಒಂದು ಪಾಲು ಬೆಳಕು ಕೊಡುವುದು ರೂಢಿ. ಅಷ್ಟು ಹೊತ್ತಿನಲ್ಲಿ ಚಲಿಸುವ ಕೈ ತುಸು ಮಸುಕಾಗುತ್ತದೆ. ಆ ಮಸುಕೇ ಚಲನೆಗೆ ಲಾಲಿತ್ಯವನ್ನು ಕೊಡುತ್ತದೆ. ಪ್ರತಿ ಚಿತ್ರವೂ ಕತ್ತರಿಸಿದಂತೆ ಸ್ಫುಟವಾಗಿದ್ದರೆ ನಡಿಗೆ ಕುಕ್ಕುಕುಕ್ಕಾಗಿ ಕಾಣುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ, ಛತ್ರದ ಟ್ಯೂಬ್‌ಲೈಟಿನ ಮಿನುಗು ವಿಡಿಯೋದಲ್ಲಿ ಕಾಣಿಸಿಕೊಳ್ಳದಿರಲೂ ಈ ಅವಧಿ ಅನುಕೂಲ. ವಿಡಿಯೋ ಒಂದನ್ನೇ ತೆಗೆದು, ಬೇಕಾದ ಕಡೆ ಅದರಿಂದಲೇ ಸ್ಥಿರಚಿತ್ರವನ್ನು ಆರಿಸಿಕೊಂಡರಾಯಿತೆಂದು ಕೆಲವರು ವಾದಿಸುವುದುಂಟು. 4ಕೆ ವಿಡಿಯೋದ ಒಂದೊಂದು ಚಿತ್ರದಲ್ಲಿ ಸುಮಾರು 83 ಲಕ್ಷ ಬಿಂದುಗಳಿರುವುದೇನೋ ನಿಜ. ಆದರೆ ಅಕ್ಷತೆ ಎರಚುವ ಕೈ ಅದರಲ್ಲಿ ಮಸುಕಾಗಿಯೇ ಉಳಿದಿರುತ್ತದೆ.

ಹೀಗಿರುವಾಗ ಕೊಳ್ಳುವವನು ಮೊದಲು ನೋಡಬೇಕಾದುದು ಲೆನ್ಸನ್ನು. ಕ್ಯಾಮರಾ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಒಳ್ಳೆಯ ಲೆನ್ಸು ದಶಕಗಳ ಕಾಲ ದುಡಿಯುತ್ತದೆ. ಲೆನ್ಸನ್ನು ಕ್ಯಾಮರಾಕ್ಕೆ ಕೂಡಿಸುವ ಲೋಹದ ಬಳೆಗೆ ಮೌಂಟ್ ಎಂದು ಹೆಸರು. ಕ್ಯಾನನ್ ಸಂಸ್ಥೆ 1987ರಲ್ಲಿ ಮೌಂಟನ್ನು ಬದಲಿಸಿದಾಗ ಹಳೆಯ ಲೆನ್ಸುಗಳು ಹೊಸ ಕ್ಯಾಮರಾಗಳಿಗೆ ನೇರವಾಗಿ ಕೂಡಲಿಲ್ಲ. 2018ರಲ್ಲಿ ಅದೇ ಸಂಸ್ಥೆ ಕನ್ನಡಿಯಿಲ್ಲದ ಕ್ಯಾಮರಾಗಳಿಗಾಗಿ ಮತ್ತೊಂದು ಮೌಂಟನ್ನು ತಂದಿತು. ಈ ಸಲ ಅಷ್ಟು ನಷ್ಟವಾಗಲಿಲ್ಲ. ಹಿಂದಿನ ಕ್ಯಾಮರಾದಲ್ಲಿ ಮೌಂಟಿಗೂ ಸಂವೇದಕಕ್ಕೂ ನಡುವೆ 44 ಮಿ.ಮೀ. ಅಂತರವಿದ್ದರೆ, ಕನ್ನಡಿ ಹೋದ ಮೇಲೆ ಅದು 20 ಮಿ.ಮೀ.ಗೆ ಇಳಿಯಿತು. ಉಳಿದ 24 ಮಿ.ಮೀ. ಜಾಗದಲ್ಲಿ ಒಂದು ಉಂಗುರವನ್ನಿಟ್ಟು ಹಳೆಯ ಲೆನ್ಸನ್ನೇ ಬಳಸಬಹುದು. ಹೊಸ ಲೆನ್ಸನ್ನು ಹಳೆಯ ಕ್ಯಾಮರಾಕ್ಕೆ ಜೋಡಿಸುವಂತಿಲ್ಲ. ಲೆನ್ಸಿನ ಸದ್ದನ್ನೂ ಪರೀಕ್ಷಿಸಿಕೊಳ್ಳಬೇಕು. ಸ್ಥಿರಚಿತ್ರಕ್ಕೆಂದೇ ಮಾಡಿದ ಕೆಲವು ಲೆನ್ಸುಗಳು ನಾಭಿಯನ್ನು ಹುಡುಕುವಾಗ ಗುರುಗುಟ್ಟುತ್ತವೆ. ಮಂತ್ರಘೋಷದ ನಡುವೆ ಆ ಸದ್ದು ಧ್ವನಿಮುದ್ರಣದಲ್ಲಿ ಸೇರಿಕೊಳ್ಳುತ್ತದೆ.

ಅನುಭವಿಗಳು ಕಂಡುಕೊಂಡ ಹಾದಿ ಸರಳವಾದುದು. ಅತಿ ಬೆಲೆಯ ಒಂದು ಕ್ಯಾಮರಾದ ಬದಲು, ಮೌಂಟ್ ಒಂದೇ ಆಗಿರುವ, ನಡುಬೆಲೆಯ ಎರಡನ್ನು ಅವರು ಕೊಳ್ಳುತ್ತಾರೆ. ಮುಹೂರ್ತದ ಹೊತ್ತಿಗೆ ಒಂದು ಮುಕ್ಕಾಲಿಯ ಮೇಲೆ ನಿಂತು ವಿಡಿಯೋ ತೆಗೆಯುತ್ತಿರುತ್ತದೆ, ಇನ್ನೊಂದು ಕೈಯಲ್ಲಿರುತ್ತದೆ. ಲೆನ್ಸುಗಳು ಎರಡಕ್ಕೂ ಹೊಂದುತ್ತವೆ. ಬ್ಯಾಟರಿಯೂ ಒಂದೇ ಬಗೆಯದಾಗಿರುವಂತೆ ಮೊದಲೇ ನೋಡಿಕೊಂಡಿದ್ದರೆ, ನಡುಮಧ್ಯೆ ವಿದ್ಯುತ್ತು ಹೋದರೂ ಒಂದರದ್ದನ್ನು ತೆಗೆದು ಇನ್ನೊಂದಕ್ಕೆ ಹಾಕಿಕೊಂಡು ಆರತಿಯವರೆಗೆ ಕೆಲಸವನ್ನು ಸಾಗಿಸಬಹುದು.