ವಿಮಾ ಕಂಪನಿಯ ಪರ ವಕೀಲ
ಮುಂಬೈಯಲ್ಲಿ ವಿಮಾ ಕಂಪನಿಗಳ ಪರ ವಾದಿಸುವವರ ಹಾದಿಯೂ ಎಲ್ಲ ವಕೀಲರಂತೆಯೇ ಶುರುವಾಗುತ್ತದೆ: 1855ರಲ್ಲಿ ಸ್ಥಾಪನೆಯಾದ ಚರ್ಚ್‌ಗೇಟ್‌ನ ಸರ್ಕಾರಿ ಕಾನೂನು ಕಾಲೇಜಿನಂಥ ಕಡೆ ಪದವಿ, ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿನಲ್ಲಿ ನೋಂದಣಿ. ನಿಜವಾದ ಕಲಿಕೆ ಹಿರಿಯ ವಕೀಲರ ಕಚೇರಿಯಲ್ಲಿ. ಅನುಭವ ಕೂಡಿದ ಮೇಲೆ, 1919ರಲ್ಲಿ ಇದೇ ನಗರದಲ್ಲಿ ಹುಟ್ಟಿದ ನ್ಯೂ ಇಂಡಿಯಾ ಅಶ್ಯೂರೆನ್ಸ್‌ನಂಥ ಕಂಪನಿಗಳ ಪ್ಯಾನೆಲ್ ಸೇರಬಹುದು.

ಹೆಚ್ಚಿನ ಕೆಲಸ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಎಫ್‌ಐಆರ್, ಪಂಚನಾಮೆ, ಚಾಲಕನ ಲೈಸೆನ್ಸ್, ಪಾಲಿಸಿಯ ಅವಧಿ ಎಲ್ಲವನ್ನೂ ತಾಳೆ ನೋಡಬೇಕು. ಲೈಸೆನ್ಸ್ ನಕಲಿ ಎಂದ ಮಾತ್ರಕ್ಕೆ ಕಂಪನಿ ಪಾರಾಗದು. ವಾಹನದ ಮಾಲೀಕ ಎಚ್ಚರ ತಪ್ಪಿದ್ದನ್ನೂ ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಎದುರಿಗಿರುವುದು ಎಷ್ಟೋ ಸಲ ದುಡಿಯುವ ಕೈಯನ್ನೇ ಕಳೆದುಕೊಂಡ ಕುಟುಂಬ. ಪಾಟೀಸವಾಲಿನಲ್ಲಿ ಸಂಯಮ ಬೇಕೇ ಬೇಕು. ತೀರ್ಪಿನ ವಿರುದ್ಧ ಬಾಂಬೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 90 ದಿನಗಳ ಅವಕಾಶವಿದೆ.