ಜೀರ್ಣೋದ್ಧಾರ ಮತ್ತು ಅನುಮತಿ: ಸಂರಕ್ಷಿತ ಬಸದಿಗಳಲ್ಲಿ ಕೈಗೊಳ್ಳುವ ಮಾರ್ಪಾಡುಗಳನ್ನು ಕುರಿತು

ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸತಲ್ಲ. ಬಸದಿಗೆ ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟ ದಾನಿಯು ದೇವರ ಅಷ್ಟವಿಧಾರ್ಚನೆಯನ್ನೂ ಋಷಿಯರ ಆಹಾರದಾನವನ್ನೂ ಹೇಳುವುದರ ಜತೆಯಲ್ಲಿಯೇ ಈ ಕಾರ್ಯವನ್ನೂ ಹೆಸರಿಸುವುದು ವಾಡಿಕೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರುಕು ಬಿಟ್ಟುದು, ಜೀರ್ಣವೆಂದರೆ ಸವೆದುದು. ಈ ಮೂರು ಪದಗಳೂ ಕಟ್ಟಡದ ದೋಷವನ್ನು ಹೇಳುತ್ತವೆಯೇ ಹೊರತು ಹೊಸದರ ಆಸೆಯನ್ನಲ್ಲ. ಇಂದಿನ ಬಳಕೆಯಲ್ಲಿ ಜೀರ್ಣೋದ್ಧಾರವೆಂಬುದು ಹಳೆಯದನ್ನು ತೆಗೆದು ಹೊಸದನ್ನು ನಿಲ್ಲಿಸುವುದೆಂಬ ಅರ್ಥಕ್ಕೆ ತಿರುಗಿದೆ. ಬಸದಿಗಳ ಆಡಳಿತ ನಡೆಸುವವರಿಗೂ ಪುರಾತತ್ತ್ವ ಇಲಾಖೆಗಳಿಗೂ ನಡುವೆ ಏಳುವ ಅನೇಕ ತಕರಾರುಗಳ ಮೂಲ ಈ ಅರ್ಥಪಲ್ಲಟದಲ್ಲಿದೆ. ಸಂರಕ್ಷಿತ ಬಸದಿಯಲ್ಲಿ ಯಾವ ಕೆಲಸಕ್ಕೆ ಯಾರ ಅನುಮತಿ ಬೇಕು, ಅದನ್ನು ಪಡೆಯುವ ಬಗೆ ಹೇಗೆ, ನಮ್ಮಂಥ ಗ್ರಂಥಸಂಶೋಧಕರಿಗೆ ಅದರಲ್ಲಿ ಯಾವ ಹೊಣೆಯುಂಟು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ತಿಳಿಯಬೇಕಾದುದು ಬಸದಿಯು ಯಾವ ವರ್ಗಕ್ಕೆ ಸೇರಿದ್ದೆಂಬುದು. ೧೯೫೮ರ ಕೇಂದ್ರ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಮೆಯಿಲ್ಲದ, ಐತಿಹಾಸಿಕ ಅಥವಾ ಕಲಾದೃಷ್ಟಿಯಿಂದ ಮಹತ್ತ್ವವುಳ್ಳ ರಚನೆಯು ಪ್ರಾಚೀನ ಸ್ಮಾರಕವೆನಿಸುತ್ತದೆ. ಆದರೆ ನೂರು ವರ್ಷ ಕಳೆದ ಮಾತ್ರಕ್ಕೆ ಅದು ಸಂರಕ್ಷಿತವಾಗುವುದಿಲ್ಲ. ಸರ್ಕಾರವು ಅಧಿಸೂಚನೆಯನ್ನು ಹೊರಡಿಸಿ, ಆಕ್ಷೇಪಣೆಗಳಿಗೆ ಎರಡು ತಿಂಗಳ ಅವಕಾಶವಿತ್ತು, ಅನಂತರ ಅದನ್ನು ರಾಷ್ಟ್ರೀಯ ಮಹತ್ತ್ವದ ಸ್ಮಾರಕವೆಂದು ಘೋಷಿಸಬೇಕು. ಹೀಗೆ ಘೋಷಿತವಾದವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಗೆ ಒಳಪಡುತ್ತವೆ. ೧೯೬೧ರ ರಾಜ್ಯ ಕಾಯಿದೆಯ ಮೇರೆಗೆ ಘೋಷಿತವಾದವು ರಾಜ್ಯದ ಪುರಾತತ್ತ್ವ ಇಲಾಖೆಗೆ ಸೇರುತ್ತವೆ. ಈ ಎರಡರಲ್ಲಿಯೂ ಸೇರದ ಬಸದಿಗಳು ಇನ್ನೂ ಬಹಳ.

ಸಂರಕ್ಷಿತವೆಂದ ಕೂಡಲೇ ಒಡೆತನ ಹೋಯಿತೆಂದು ಹಲವರು ತಿಳಿಯುತ್ತಾರೆ. ಇದು ಸರಿಯಲ್ಲ. ೧೯೫೮ರ ಕಾಯಿದೆಯ ೬ನೆಯ ಕಲಮು ಒಡೆಯನಿಗೂ ಸರ್ಕಾರಕ್ಕೂ ಕರಾರು ಏರ್ಪಡಬಹುದೆಂದು ಹೇಳುತ್ತದೆ. ಸ್ಮಾರಕದ ಪಾಲನೆ ಯಾರದು, ಒಡೆಯನು ಅದನ್ನು ಮಾರ್ಪಡಿಸುವ ಹಕ್ಕಿಗೆ ಯಾವ ಮಿತಿ, ಸಾರ್ವಜನಿಕರ ಪ್ರವೇಶವೆಂತು ಎಂಬ ಅಂಶಗಳು ಅಂಥ ಕರಾರಿನಲ್ಲಿ ಇರಬಹುದು. ೧೯೦೪ರ ಹಳೆಯ ಕಾಯಿದೆಯಲ್ಲಿಯೂ ಕರಾರಿಗೆ ಅವಕಾಶವಿತ್ತು. ಆದುದರಿಂದ ಅರ್ಜಿ ಬರೆಯುವ ಮೊದಲು ಬಸದಿಯ ಅಥವಾ ಮಠದ ಹಳೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿ ಅಂಥ ಪತ್ರವೇನಾದರೂ ಉಂಟೇ ಎಂದು ನೋಡತಕ್ಕದ್ದು. ಭಂಡಾರದ ಓಲೆಗಳನ್ನು ಪಟ್ಟಿ ಮಾಡುವ ನಮ್ಮವರು ಇಂಥ ಕಾಗದಗಳನ್ನು ‘ಇತರೆ’ ಎಂದು ಬದಿಗಿಡುವುದುಂಟು. ಅವೂ ಪಟ್ಟಿಗೆ ಸೇರಬೇಕಾದುವೇ. ಪೂಜಾಸ್ಥಾನವಾಗಿರುವ ಸ್ಮಾರಕವನ್ನು ಅದರ ಸ್ವರೂಪಕ್ಕೆ ಒಪ್ಪದ ಕಾರ್ಯಕ್ಕೆ ಬಳಸಕೂಡದೆಂದು ೧೬ನೆಯ ಕಲಮು ವಿಧಿಸಿದೆ. ಕಾಯಿದೆಯು ಪೂಜೆಗೆ ವಿರೋಧಿಯೆಂಬ ಮಾತಿಗೆ ಇದೇ ಉತ್ತರ.

ಇನ್ನು ಕೆಲಸದ ವಿಚಾರ. ಕೇಂದ್ರ ಸಂರಕ್ಷಿತ ಬಸದಿಯ ಗೋಡೆ, ಕಂಬ, ನೆಲ, ಮಾಡುಗಳ ದುರಸ್ತಿಯನ್ನು ಇಲಾಖೆಯೇ ನಡೆಸತಕ್ಕದ್ದು. ಆಡಳಿತದವರು ಮಾಡಬಹುದಾದುದು ವಲಯದ ಅಧೀಕ್ಷಕ ಪುರಾತತ್ತ್ವಜ್ಞರಿಗೆ ದೋಷವನ್ನು ವಿವರಿಸಿ ಮನವಿ ಸಲ್ಲಿಸುವುದು. ಸ್ಮಾರಕವನ್ನು ಕೆಡಿಸಿದರೆ ಅಥವಾ ಮಾರ್ಪಡಿಸಿದರೆ ೧೯೫೮ರಲ್ಲಿ ಗೊತ್ತುಮಾಡಿದ್ದ ಮೂರು ತಿಂಗಳವರೆಗಿನ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗಿನ ದಂಡವನ್ನು ೨೦೧೦ರ ತಿದ್ದುಪಡಿಯು ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಏರಿಸಿತು.

ಬಸದಿಯ ಸುತ್ತಣ ನೆಲಕ್ಕೂ ಕಟ್ಟಳೆಯುಂಟು. ೧೯೯೨ರ ಜೂನ್ ೧೬ರ ಅಧಿಸೂಚನೆಯಿಂದ ಮೊದಲಾಗಿ ೨೦೧೦ರಲ್ಲಿ ಕಾಯಿದೆಯೊಳಗೇ ಸೇರಿದ ನಿಯಮದಂತೆ, ಸಂರಕ್ಷಿತ ಎಲ್ಲೆಯಿಂದ ನೂರು ಮೀಟರು ನಿಷೇಧಿತ ಪ್ರದೇಶ, ಅಲ್ಲಿಂದಾಚೆಗೆ ಇನ್ನೂರು ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಎಡೆಯಿಲ್ಲ. ಮೇಲೆ ಹೇಳಿದ ದಿನಾಂಕಕ್ಕೆ ಮುಂಚೆಯೇ ಇದ್ದ ಮನೆ, ಧರ್ಮಶಾಲೆ ಮೊದಲಾದುವುಗಳ ದುರಸ್ತಿ ನವೀಕರಣಗಳಿಗೆ ಮಾತ್ರ ಅರ್ಜಿ ಸಲ್ಲಿಸಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೂ ಅನುಮತಿ ಕೇಳಬಹುದು. ಇಲ್ಲಿ ಪದಗಳ ಅರ್ಥವನ್ನು ಗಮನಿಸುವುದು ಅವಶ್ಯ. ಇರುವ ಕಟ್ಟಡದಲ್ಲಿ ಮಾಡುವ ಮಾರ್ಪಾಡು ‘ದುರಸ್ತಿ ಮತ್ತು ನವೀಕರಣ’. ಹಿಂದಿದ್ದ ಉದ್ದಗಲ ಎತ್ತರಗಳನ್ನು ಮೀರದೆ ಮತ್ತೆ ಎಬ್ಬಿಸುವುದು ‘ಪುನರ್ನಿರ್ಮಾಣ’. ಧರ್ಮಶಾಲೆಯನ್ನು ಕೆಡವಿ ಕಟ್ಟುವವನು ‘ದುರಸ್ತಿ’ ಎಂದು ಬರೆದರೆ ಅರ್ಜಿ ನಿಲ್ಲುವುದಿಲ್ಲ.

ಅರ್ಜಿಯು ಸಕ್ಷಮ ಪ್ರಾಧಿಕಾರಿಗೆ ಸಲ್ಲತಕ್ಕದ್ದು. ಅವರು ಹದಿನೈದು ದಿನಗಳೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಬೇಕು. ಪ್ರಾಧಿಕಾರವು ಎರಡು ತಿಂಗಳೊಳಗೆ ಉದ್ದೇಶಿತ ಕೆಲಸದಿಂದ ಸ್ಮಾರಕಕ್ಕೆ ಆಗುವ ಪರಿಣಾಮವನ್ನು ತಿಳಿಸಬೇಕು. ಅದು ಬಂದ ಒಂದು ತಿಂಗಳೊಳಗೆ ಅನುಮತಿ ಕೊಡುವುದೋ ನಿರಾಕರಿಸುವುದೋ ತೀರ್ಮಾನವಾಗಬೇಕು. ನಿರಾಕರಿಸುವುದಾದರೆ ಅರ್ಜಿದಾರನ ಮಾತನ್ನು ಕೇಳಿ ಲಿಖಿತ ಆದೇಶವನ್ನೇ ಕೊಡತಕ್ಕದ್ದು. ಪ್ರತಿಷ್ಠೆಯ ಮುಹೂರ್ತವನ್ನು ಮೊದಲು ನಿಶ್ಚಯಿಸಿ ಅನಂತರ ಅರ್ಜಿ ಹಾಕುವವರು ಈ ಅವಧಿಗಳನ್ನು ಎಣಿಸುವುದಿಲ್ಲ. ಕೊನೆಗೆ ಮುಹೂರ್ತ ಮೀರುವುದೆಂಬ ಆತುರದಲ್ಲಿ ಕಲ್ಲಿಗೆ ಉಳಿ ಬೀಳುತ್ತದೆ.

ಈ ಆತುರದ ಫಲವನ್ನು ಈ ಲೇಖಕನು ಕಣ್ಣಾರೆ ಕಂಡಿದ್ದಾನೆ. ಹಲವು ವರ್ಷಗಳ ಹಿಂದೆ, ಯಾವ ಇಲಾಖೆಯ ಪಟ್ಟಿಯಲ್ಲಿಯೂ ಸೇರದ ಒಂದು ಹಳ್ಳಿಯ ಬಸದಿಯಲ್ಲಿ ಓಲೆಗಳನ್ನು ನೋಡಲು ಹೋಗಿದ್ದಾಗ, ನವರಂಗದ ನೆಲದ ಚಪ್ಪಡಿಯೊಂದರಲ್ಲಿ ಸವೆದ ನಾಲ್ಕು ಸಾಲುಗಳು ಕಂಡುವು. ದೀಪದ ಬೆಳಕಿನಲ್ಲಿ ಎರಡು ಸಾಲುಗಳನ್ನಷ್ಟೇ ಓದಿ ಟಿಪ್ಪಣಿ ಮಾಡಿಕೊಂಡೆ. ಮಿಕ್ಕುದನ್ನು ಪಡಿಯಚ್ಚು ತೆಗೆದು ಓದಿದರಾಯಿತೆಂದು ಬಿಟ್ಟೆ. ಮುಂದೆ ಅಲ್ಲಿಯ ಆಡಳಿತದವರು ಜೀರ್ಣೋದ್ಧಾರದ ಯೋಜನೆಯನ್ನು ತಿಳಿಸಿ ಸಭೆಯಲ್ಲಿ ಮಾತನಾಡಲು ಕರೆದರು. ಅವರ ಭಕ್ತಿಯನ್ನು ಕೊಂಡಾಡಿ ಮಾತನಾಡಿ ಬಂದೆ. ನೆಲದ ವಿಷಯವಾಗಿ ಒಂದು ಮಾತನ್ನೂ ಕೇಳಲಿಲ್ಲ. ಮರುವರ್ಷ ಹೋದಾಗ ನವರಂಗದಲ್ಲಿ ಕನ್ನಡಿಯಂತೆ ಹೊಳೆಯುವ ಕಲ್ಲು ಹಾಸಿತ್ತು. ಹಳೆಯ ಚಪ್ಪಡಿಗಳನ್ನು ಒಡೆದು ಅಂಗಳಕ್ಕೆ ತುಂಬಿದ್ದರು. ಆ ದಾನಿಯ ಹೆಸರು ಮೂರನೆಯ ಸಾಲಿನಲ್ಲಿದ್ದಿರಬೇಕು. ಅದನ್ನು ಇನ್ನು ಯಾರೂ ಓದಲಾರರು.

ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಕರ್ಮಾಸ್ರವದ ವಿಚಾರದಲ್ಲಿ ನಮ್ಮ ಆಚಾರ್ಯರು ಎಣಿಸಿದ್ದಾರೆ. ತಾನು ಮಾಡಿದುದು, ಪರರಿಂದ ಮಾಡಿಸಿದುದು, ಮಾಡುವವರಿಗೆ ಒಪ್ಪಿಗೆಯಿತ್ತುದು. ಉಳಿ ಹಿಡಿದವನು ಕೂಲಿಯವನು, ಹಿಡಿಸಿದವರು ಆಡಳಿತದವರು, ವೇದಿಕೆಯಲ್ಲಿ ಅನುಮೋದಿಸಿದವನು ನಾನು. ಅನುಮತಿಯೆಂಬುದು ಬರಿಯ ಕಚೇರಿಯ ಕಾಗದವಲ್ಲ, ಅದನ್ನು ಕೊಡುವವನು ಆ ಕಾರ್ಯದಲ್ಲಿ ಪಾಲುಗಾರನಾಗುತ್ತಾನೆಂಬ ಅರಿವು ನನಗೆ ಬಂದುದು ಆ ದಿನ.

ನೆಲದಲ್ಲಿಯೂ ಗೋಡೆಯಲ್ಲಿಯೂ ಓದದೆ ಉಳಿದ ಅಕ್ಷರಗಳು ಎಷ್ಟಿರಬಹುದೆಂಬುದಕ್ಕೆ ಶ್ರವಣಬೆಳಗೊಳವೇ ಸಾಕ್ಷಿ. ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದ ಸಂಪುಟದಲ್ಲಿದ್ದ ಶಾಸನಗಳು ೧೪೪. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದಾಗ ಅವು ೫೦೦ ಆದುವು. ೧೯೭೩ರ ಪರಿಷ್ಕರಣದಲ್ಲಿ ೫೭೩ಕ್ಕೆ ಏರಿದುವು. ವಿದ್ವಾಂಸರು ಅಷ್ಟು ಶೋಧಿಸಿದ ಕ್ಷೇತ್ರದಲ್ಲಿಯೇ ಹೀಗಿರುವಾಗ, ಯಾರೂ ನೋಡದ ಹಳ್ಳಿಯ ಬಸದಿಗಳ ವಿಷಯವನ್ನು ಹೇಳಬೇಕಾದುದಿಲ್ಲ.

ಕಟ್ಟಡವನ್ನು ಹೇಗೆ ತಿದ್ದಬೇಕೆಂಬ ಪ್ರಶ್ನೆಗೆ ನಮ್ಮ ಶಾಸ್ತ್ರದಲ್ಲಿಯೇ ಮಾದರಿಯಿದೆ. ಷಟ್ಖಂಡಾಗಮದ ಪ್ರಥಮ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಪ್ರಕಟವಾದಾಗ, ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಆಧಾರಪ್ರತಿಗಳಲ್ಲಿ ಇರಲಿಲ್ಲ. ಪದವು ಅಲ್ಲಿರಬೇಕೆಂದು ಸಂಪಾದಕರಿಗೆ ತೋರಿದರೂ ಅದನ್ನು ಮೂಲದೊಳಕ್ಕೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ತಾಳೆಯೋಲೆಗಳಲ್ಲಿ ಆ ಪದವು ದೊರೆಯಿತು. ಊಹೆ ಸರಿಯಾಗಿದ್ದರೂ ಮೂಲವನ್ನು ಮುಟ್ಟದೆ ಕಾದುದೇ ಸಂಪಾದಕಧರ್ಮ. ಕಟ್ಟಡಕ್ಕೂ ಇದೇ ನ್ಯಾಯ. ಬಿದ್ದ ಕಲ್ಲಿನ ಸ್ಥಾನದಲ್ಲಿ ಹೊಸ ಕಲ್ಲನ್ನಿಟ್ಟರೆ ಅದು ಹಳೆಯದರೊಡನೆ ಹೊಂದಬೇಕು, ಆದರೆ ಹಳೆಯದೆಂದು ಭ್ರಮೆ ಹುಟ್ಟಿಸಬಾರದು. ೧೯೬೪ರ ವೆನಿಸ್ ಸನ್ನದೂ ಇದನ್ನೇ ಹೇಳುತ್ತದೆ. ಗಾರೆಯ ಸಂದಿಗೆ ಸಿಮೆಂಟನ್ನು ಮೆತ್ತಿದರೆ ತೇವವು ಕಲ್ಲಿನೊಳಗೆ ನಿಂತು, ಲವಣವು ಹೊರಹೊಮ್ಮಿ, ಕಲ್ಲಿನ ಮೈ ಹಾಳೆಹಾಳೆಯಾಗಿ ಏಳುತ್ತದೆ. ಮರಳು ರಭಸದಿಂದ ಉಜ್ಜಿದರೆ ಅಕ್ಷರಗಳು ಅಳಿಯುತ್ತವೆ. ಓಲೆಯ ಮೇಲೆ ಓಲೆಯನ್ನು ಅಂಟಿಸಿ ಮೇಲೆ ಹೊಸದಾಗಿ ಬರೆಯುವ ಲಿಪಿಕಾರನನ್ನು ನಾವು ಒಪ್ಪುತ್ತೇವೆಯೇ?

ಕೊನೆಯಲ್ಲಿ ಕೆಲವು ಸೂಚನೆಗಳು. ಇವು ಕಾಯಿದೆಯ ವಿಧಿಗಳಲ್ಲ, ಅನುಭವದಿಂದ ಹೇಳುವವು. ಬಸದಿಯು ಸಂರಕ್ಷಿತವಾಗಿರಲಿ ಇಲ್ಲದಿರಲಿ, ಕೆಲಸಕ್ಕೆ ಮುಂಚೆ ನೆಲ, ಗೋಡೆ, ಕಂಬ, ಪೀಠಗಳ ಛಾಯಾಚಿತ್ರವನ್ನೂ ಅಳತೆಯ ನಕ್ಷೆಯನ್ನೂ ಸಿದ್ಧಪಡಿಸಬೇಕು. ಅಕ್ಷರವಿರುವ ಪ್ರತಿಯೊಂದು ಕಲ್ಲಿನ ಪಡಿಯಚ್ಚನ್ನು ತೆಗೆಸಬೇಕು. ಯಾವ ದೋಷಕ್ಕೆ ಯಾವ ಪರಿಹಾರವೆಂಬುದನ್ನು ಒಂದೊಂದಾಗಿ ಬರೆಯಬೇಕು. ಖಂಡ, ಸ್ಫುಟಿತ, ಜೀರ್ಣ ಎಂಬ ಮೂರರಲ್ಲಿ ಯಾವುದಕ್ಕೂ ಸೇರದ ಕೆಲಸವನ್ನು ಪಟ್ಟಿಯಿಂದ ತೆಗೆಯಬೇಕು. ಮುಹೂರ್ತವನ್ನು ಅನುಮತಿಯ ಬಳಿಕ ಇಡಬೇಕು. ಸಭೆಗೆ ಕರೆಬಂದ ಪಂಡಿತರು ಮಾತನಾಡುವ ಮೊದಲು ಒಮ್ಮೆ ನೆಲವನ್ನು ನೋಡಬೇಕು.

ನನ್ನ ಬಳಿ ಉಳಿದಿರುವ ಆ ಎರಡು ಸಾಲುಗಳನ್ನು, ಮಿಕ್ಕ ಎರಡರ ಸ್ಥಾನವನ್ನು ತೆರವಾಗಿಯೇ ಬಿಟ್ಟು, ಮುಂದಿನ ಸಂಚಿಕೆಗೆ ಕಳುಹುತ್ತಿದ್ದೇನೆ.