ಕೆಮ್ಮಣ್ಣುಗುಂಡಿಯ ಅದಿರು, ಬೆಂಕಿಪುರದ ಕುಲುಮೆ

ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕತೆ ಶುರುವಾಗಬೇಕಾದ್ದು ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯಿಂದ. ಚಿಕ್ಕಮಗಳೂರು ಜಿಲ್ಲೆಯನ್ನು ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದ ಕಾಲ ಅದು. ಬಾಬಾಬುಡನ್‌ಗಿರಿ ಸಾಲಿನಲ್ಲಿ ಅದಿರು ಹೇರಳವಾಗಿತ್ತು; ಅದನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಮೈಸೂರು ಸಂಸ್ಥಾನದಲ್ಲೆಲ್ಲೂ ಇರಲಿಲ್ಲ.

ಕಾಡಿನ ಸೌದೆಯನ್ನೇ ಇದ್ದಿಲು ಮಾಡೋಣ ಎಂದು ದಿವಾನ್ ವಿಶ್ವೇಶ್ವರಯ್ಯ ಹಟ ಹಿಡಿದರು. ಬೆಂಗಳೂರು–ಹರಿಹರ ರೈಲು ಕಡೂರು, ಬೀರೂರು, ಅಜ್ಜಂಪುರ ಹಾದು ಹೋಗುತ್ತಿತ್ತು. ಬೀರೂರಿನಲ್ಲಿ ಕವಲೊಡೆದ ಹಳಿ ತರೀಕೆರೆ ದಾಟಿ ಭದ್ರಾ ನದಿ ದಡದ ಬೆಂಕಿಪುರ ಮುಟ್ಟುತ್ತಿತ್ತು. ಆ ಬೆಂಕಿಪುರವೇ ಇಂದಿನ ಭದ್ರಾವತಿ. ಗುಡ್ಡದ ಅದಿರು ತೂಗುಹಗ್ಗದ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಕುಲುಮೆ ಸೇರುತ್ತಿತ್ತು.

1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಆದರೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲಕಚ್ಚಿತ್ತು. ಕಾರ್ಖಾನೆ ನಷ್ಟಕ್ಕೆ ಬಿತ್ತು. ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದ, ಅರವತ್ತು ದಾಟಿದ್ದ ವಿಶ್ವೇಶ್ವರಯ್ಯ ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ನಿಂತರು.

ಇಲ್ಲಿನ ನಿಜವಾದ ಹೊಸತನ ಹೊಗೆಯಲ್ಲಿತ್ತು. ಇದ್ದಿಲಿನ ಗುಂಡಿಯಲ್ಲಿ ಸೌದೆ ಸುಟ್ಟರೆ ಹೊಗೆ ಆಕಾಶದ ಪಾಲು. ಭದ್ರಾವತಿಯಲ್ಲಿ ಮುಚ್ಚಿದ ಪಾತ್ರೆಗಳಲ್ಲಿ ಸೌದೆ ಕಾಯಿಸಿ, ಹೊಗೆಯನ್ನು ತಣಿಸಿ ಮರದ ಆಲ್ಕೋಹಾಲು, ಟಾರು, ಸುಣ್ಣದ ಅಸಿಟೇಟು ತೆಗೆದರು. ಇದ್ದಿಲಿನ ಖರ್ಚಿನ ಒಂದು ಪಾಲನ್ನು ಹೀಗೆ ಹೊಗೆಯೇ ದುಡಿದುಕೊಟ್ಟಿತು. ಬೀಡುಕಬ್ಬಿಣವನ್ನು ಹಾಗೆಯೇ ದೂರದ ಪೇಟೆಗೆ ಮಾರುವುದರ ಜೊತೆಗೆ ಊರುಗಳ ನೀರಿನ ಕೊಳವೆಗಳನ್ನೂ ಎರಕ ಹೊಯ್ಯತೊಡಗಿದರು. ವಿದೇಶಿ ತಜ್ಞರ ಜಾಗಗಳಿಗೆ ಒಬ್ಬೊಬ್ಬರಾಗಿ ನಮ್ಮ ಹುಡುಗರು ಬಂದರು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದೇ. ಯಂತ್ರ ಹಳತಾಗುತ್ತದೆ, ಕಲಿತ ಕೈ ಮುಂದಿನ ಯಂತ್ರವನ್ನೂ ನಡೆಸುತ್ತದೆ. ಮುಂದೆ ಉಕ್ಕು, ಸಿಮೆಂಟು ಬಂದಾಗ ನೆರವಾದದ್ದು ಆ ಕೈಗಳೇ.

ಇದಕ್ಕೆಲ್ಲ ಬೆಲೆ ತೆತ್ತದ್ದು ಸುತ್ತಲಿನ ಕಾಡು ಎಂಬುದನ್ನೂ ಹೇಳಲೇಬೇಕು. ಲಾಭದ ಲೆಕ್ಕದಲ್ಲಿ ಆ ಮರಗಳಿಗೆ ಸೌದೆಯ ಬೆಲೆಯಷ್ಟೇ ಸಿಕ್ಕಿತು.

ಅಧ್ಯಕ್ಷಗಿರಿಯ ವರ್ಷಗಳಿಗೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯ ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಅದು ಹೋಗಲಿ ಎಂದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ಇಟ್ಟದ್ದು ಮಹಾರಾಜ ಜಯಚಾಮರಾಜೇಂದ್ರರ ಹೆಸರು.